ಅತ್ತರು ಬಿದ್ದ ಆರ್ಕಿಡ್

ಪುಣೆಯ ಮದುವೆಯೊಂದಕ್ಕೆ ಹೋಗಿದ್ದ ರಘುವೀರ ವಕೀಲ ಜಮಖಂಡಿಗೆ ಮರಳುವಾಗ ಒಂದು ಆರ್ಕಿಡ್ ಗಿಡ ತಂದ. ರೆಕ್ಕೆ ಬಿಚ್ಚಿ ಕೂತ ಪತಂಗದಂಥ ಹೂವು, ನೇರಳೆ ಕಲೆಸಿದ ಬಿಳಿ. ಈ ಜಾತಿಯಲ್ಲಿ ಪರಿಮಳ ಅಪರೂಪ, ಇದಕ್ಕಿತ್ತು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿದ್ದೇ ತೋರಿಸಿದ್ದು. ದಿನಾ ಬೋರಿನ ನೀರು ಸುರಿದ. ಹೂವು ಉದುರಿದ್ದೇ ತಡ, ಅದರ ಕಡೆ ತಿರುಗಿಯೂ ನೋಡಲಿಲ್ಲ.

ನಾತ ಮೊದಲು ಬಡಿದದ್ದು ತಾಯಿ ಕೃಷ್ಣಾಬಾಯಿಯ ಮೂಗಿಗೆ.

"ಪ್ರಣೀತಾ, ಆ ಪಾಟಿನೊಳಗ ಇಲಿ ಸತ್ತದೇನ ನೋಡು. ಒಯ್ದು ಚೆಲ್ಲಿ ಬಾ."

ಸೊಸೆ, ರಘುವೀರನ ಹೆಂಡತಿ ಪ್ರಣೀತಾ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವಳು. ಅಡುಗೆಮನೆಯಲ್ಲಿ ಜಿರಲೆ ಕಂಡರೂ ಊಟ ಬಿಡುವಷ್ಟು ಹೇಸಿಕೊಳ್ಳುವ ಸ್ವಭಾವ. ಚೆಲ್ಲಲೆಂದೇ ಗಿಡವನ್ನು ಹಿತ್ತಲಿಗೆ ಒಯ್ದಳು. ತೂತಿಲ್ಲದ ಚೀನಿಮಣ್ಣಿನ ಪಾಟಿನ ತಳದಲ್ಲಿ ನೀರು ಕೊಳೆತು ಲೋಳೆಯಾಗಿತ್ತು. ಬೇರು ಹಿಡಿದರೆ ಸಿಪ್ಪೆ ಜಾರಿ ಕೈಗೆ ಅಂಟುತ್ತಿತ್ತು. ಎಲೆಯ ಸಂದಿಯಲ್ಲಿ ಹಿಟ್ಟು ಮೆತ್ತಿದಂಥ ಬಿಳಿ ತಿಗಣೆಗಳು ಒಂದರ ಮೇಲೊಂದು ಮಿಸುಕಾಡುತ್ತಿದ್ದವು. ಆದರೆ ಆ ಲೋಳೆಯ ನಡುವೆ ಎರಡು ಬೇರು ಇನ್ನೂ ಗಟ್ಟಿಯಾಗಿ, ಹಸಿರು ತುದಿ ಚಾಚಿಕೊಂಡಿದ್ದವು. ಅದನ್ನು ನೋಡಿ ಚೆಲ್ಲಲು ಕೈ ಬರಲಿಲ್ಲ.

ಮೂಗಿಗೆ ಸೆರಗು ಸುತ್ತಿಕೊಂಡು ಕೊಳೆತದ್ದನ್ನೆಲ್ಲ ಕತ್ತರಿಸಿದಳು. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ತಿಗಣೆ ಒರೆಸಿದಳು. ಒಡೆದಾಗ ಹಳದಿ ರಸ ಬೆರಳಿಗೆ ಹತ್ತಿತು. ತಳದಲ್ಲಿ ತೂತಿದ್ದ ಪ್ಲಾಸ್ಟಿಕ್ ಡಬ್ಬಿಗೆ ಇದ್ದಿಲು, ತೊಗಟೆಯ ಚೂರು ತುಂಬಿ ಗಿಡವನ್ನು ಕೂರಿಸಿ, ಎಳೆಬಿಸಿಲು ಬೀಳುವ ಪೂರ್ವದ ಕಿಟಕಿಯಲ್ಲಿಟ್ಟಳು. ಬೋರಿನ ಗಡಸು ನೀರು ಬಿಟ್ಟು ಮಾಳಿಗೆಯ ಮಳೆನೀರು ಹಿಡಿದಿಟ್ಟು ಹಾಕಿದಳು, ಅದೂ ಇದ್ದಿಲು ಒಣಗಿದ ಮೇಲೆ. ತಿಗಣೆ ಮತ್ತೆ ಬಂತು, ಮತ್ತೆ ಒರೆಸಿದಳು. ಪ್ರತಿಸಲ ಕೈಯನ್ನು ಸಾಬೂನಿನಲ್ಲಿ ಉಜ್ಜಿ ಉಜ್ಜಿ ತೊಳೆದರೂ ಆ ದಿನ ಅನ್ನ ಸೇರುತ್ತಿರಲಿಲ್ಲ.

ಒಂದು ವರ್ಷ ಬರೀ ಎಲೆ. ಮರುವರ್ಷದ ಚಳಿಗಾಲದಲ್ಲಿ ಕಿಟಕಿ ತೆರೆದೇ ಇಟ್ಟಳು. ರಾತ್ರಿಯ ತಂಪು ತಗಲಿದರೆ ಹೂಗೊನೆ ಹೊರಡುತ್ತದೆಂದು ಓದಿಕೊಂಡಿದ್ದಳು. ಸಂಕ್ರಾಂತಿ ಕಳೆದ ಮೇಲೆ ಎಲೆಯ ಬುಡದಿಂದ ಒಂದು ಕುಡಿ ಇಣುಕಿತು. ಬೇರೋ ಹೂಗೊನೆಯೋ ತಿಳಿಯದೆ ದಿನಾ ಬಗ್ಗಿ ನೋಡಿದಳು. ಅದು ಬೆಳಕಿನತ್ತ ಮೇಲೆ ಬಾಗಿ ಹೂಗೊನೆಯೇ ಎಂದು ಖಾತ್ರಿಯಾದ ದಿನ ಸ್ಟಾಫ್ ರೂಮಿನಲ್ಲಿ ಗೆಳತಿ ವೈಶಾಲಿಯ ಕೈ ಹಿಡಿದು ಮಗುವಿನಂತೆ ನಕ್ಕಳು.

ಬೇಸಿಗೆಯ ಮೊದಲಲ್ಲಿ ಹೂವು ಅರಳಿದವು. ಬೆಳಗಿನ ಬಿಸಿಲು ಏರುತ್ತಿದ್ದಂತೆ ಏಲಕ್ಕಿಗೆ ನಿಂಬೆಸಿಪ್ಪೆ ತೀಡಿದಂಥ ಪರಿಮಳ ಕೋಣೆ ತುಂಬುತ್ತಿತ್ತು. ಮಧ್ಯಾಹ್ನ ದಾಟಿದರೆ ಇಲ್ಲ.

ಆ ವಾರವೇ ಮುಧೋಳದ ಹಿರಿಯ ವಕೀಲ ಮಹಾಲಿಂಗಪ್ಪನವರನ್ನು ರಘುವೀರ ಸಂಜೆ ಚಹಾಕ್ಕೆ ಕರೆದಿದ್ದ. ಅವರ ಕಡೆಯಿಂದ ದೊಡ್ಡ ಕೇಸುಗಳು ಸಿಗುವ ಆಸೆ ಅವನಿಗೆ. ಗಿಡವನ್ನು ತಾನೇ ಹೊತ್ತು ತಂದು ಪಡಸಾಲೆಯ ಮೇಜಿನ ಮೇಲಿಟ್ಟ, ಮೂಸಿ ನೋಡಿದ, ಮುಖ ಕಿವುಚಿದ.

"ವಾಸನಿನ ಇಲ್ಲಲ್ಲ?"

"ಮುಂಜಾನಿ ಇರ್ತದ್ರಿ. ಸಂಜಿಗೆ ಇರೂದಿಲ್ಲ," ಅಂದಳು ಪ್ರಣೀತಾ.

ಅತಿಥಿ ಬಂದು ಅವಳು ಚಹಾ ತರುವಷ್ಟರಲ್ಲಿ ಪಡಸಾಲೆಯ ತುಂಬ ಅಗ್ಗದ ಗುಲಾಬಿ ಅತ್ತರಿನ ಘಾಟು. ಹೂವಿನ ದಳಗಳ ಮೇಲೆ ರಘುವೀರ ಚಿಮುಕಿಸಿದ್ದ ಎಣ್ಣೆಹನಿ ಮಿನುಗುತ್ತಿತ್ತು.

"ಆಹಾ, ಏನ್ ವಾಸನಿ ಐತೊ ರಘುವೀರ!" ಮಹಾಲಿಂಗಪ್ಪ ತಂಬಾಕು ತುಂಬಿದ ಬಾಯಿಯಲ್ಲೇ ಹೊಗಳಿದರು. "ಎಷ್ಟು ಜೋಪಾನ ಮಾಡೀಯಪಾ!"

"ನಾನ ಬೆಳಸೇನ್ರಿ ಸರ. ಕೋರ್ಟಿನಿಂದ ಬಂದ ಮ್ಯಾಲ ಇದ ನನ್ನ ಕೆಲಸ."

ಹಾಗಂದವನೇ ಪ್ರಣೀತಾ ನೋಡುತ್ತಿದ್ದಂತೆ ಹೂಗೊನೆಯನ್ನು ಉಗುರಿನಿಂದ ಚಿವುಟಿ ಅವರ ಕೈಗಿಟ್ಟ. ಅವಳು ಟ್ರೇಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಅತಿಥಿ ಹೋದ ಮೇಲೆ ಕಪ್ಪು ಬಶಿ ತೆಗೆಯಲು ಬಂದಳು. ಹೂಗೊನೆ ಬಶಿಯಲ್ಲೇ ಇತ್ತು. ಉಳಿದ ಚಹಾದಲ್ಲಿ ನೆನೆದು, ಅದರ ಮೇಲೆ ಅಗಿದು ಉಗಿದ ತಂಬಾಕಿನ ಉಂಡೆ. ಅದನ್ನು ಎತ್ತಲು ಅವಳಿಂದ ಆಗಲಿಲ್ಲ. ಕೊಳೆತ ಬೇರು, ತಿಗಣೆ ಎಲ್ಲ ಮುಟ್ಟಿದ ಕೈ ಇದನ್ನು ಮಾತ್ರ ಮುಟ್ಟಲೊಲ್ಲದು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ರಘುವೀರ ಬಾಗಿಲಲ್ಲಿ ನಿಂತು ಕೇಳಿದ: "ಒಂದು ಹೂವಿಗೆ ಇಷ್ಟ್ಯಾಕ? ಮತ್ತ ಬಿಡಸು. ನಿನಗ ಗೊತ್ತದಲ್ಲ, ಹೆಂಗ ಬಿಡಸಬೇಕಂತ."

"ನೀವ ಬೆಳಸೀರಂತಲ್ಲ, ನೀವ ಬಿಡಸ್ರಿ," ಅಂದಳು. ಅವನು ನಕ್ಕು ಒಳಗೆ ಹೋದ. ಆ ನಗೆ ಬಶಿಯಲ್ಲಿದ್ದದ್ದಕ್ಕಿಂತ ಹೊಲಸು ಅನ್ನಿಸಿತು.

ಮರುದಿನ ಉಗುರಿನಿಂದ ಜಜ್ಜಿದ್ದ ಹೂದಂಟಿನ ತುದಿಯನ್ನು ಒಂದು ಗೆಣ್ಣಿನ ಮೇಲಕ್ಕೆ ನೀಟಾಗಿ ಕತ್ತರಿಸಿ, ಎಲೆ ಒರೆಸಿ, ಗಿಡವನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದಳು. ವೈಶಾಲಿಯ ತವರು ಅನಗವಾಡಿ. ಅಣೆಕಟ್ಟಿನ ಹಿನ್ನೀರು ಮನೆಯ ಹಿತ್ತಲಿನವರೆಗೆ ಬರುವ ಊರು.

"ಇದನ್ನ ನಿಮ್ಮವ್ವನ ಕಡೆ ಇಡಸ್ತೀಯೇನ?" ಅಂತ ಅವಳನ್ನು ಕೇಳಿದಳು.

"ಕುರಿ ಬಾಯಿಗೆ ಸಿಗಲಾರದಂಗ ಎತ್ತರದಾಗ ಇಡಸ್ತೇನ್ರಿ ಅಕ್ಕಾರ. ಆದ್ರ ಮನ್ಯಾಗ ಏನಂತಾರ?"

"ಏನರೆ ಅನ್ಲಿ."

ಮಳೆಗಾಲದಲ್ಲಿ ಆ ಗೆಣ್ಣಿನಿಂದಲೇ ಹೊಸ ಕವಲು ಒಡೆಯಿತು. ಹೂವು ಬಿಟ್ಟ ಸುದ್ದಿ ತಿಳಿದು ಪ್ರಣೀತಾ ಒಂದು ಭಾನುವಾರ ಮೊದಲ ಬಸ್ಸು ಹಿಡಿದಳು. ವೈಶಾಲಿಯ ತಾಯಿ ಮಾಯವ್ವ ಗಿಡವನ್ನು ಕಟ್ಟೆಯ ಮೇಲಿನ ಗೂಡಿನಲ್ಲಿ ಇಟ್ಟಿದ್ದಳು. ಪ್ರಣೀತಾ ಬಿಸಿಲೇರುವ ತನಕ ಅದರ ಎದುರು ಕೂತು, ರೊಟ್ಟಿ ತಿಂದು, ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದಳು.

"ಅನಗವಾಡ್ಯಾಗ ಹೂವು ಬಿಟ್ಟದಂತ? ಅವ್ವ ಅಂದ್ಲು." ರಾತ್ರಿ ಊಟಕ್ಕೆ ಕೂತ ರಘುವೀರ ಕೇಳಿದ. "ತಂದಿದ್ರ ಛಲೋ ಆಗ್ತಿತ್ತು. ಬರೋ ವಾರ ಸರ್ ಮತ್ತ ಬರೋರಿದ್ದಾರ. ಅವ್ರಿಗೆ ಆ ವಾಸನಿ ಭಾಳ ಹಿಡಿಸಿತ್ತು."

ಪ್ರಣೀತಾ ಅವನ ತಾಟಿಗೆ ಸಾರು ಬಡಿಸಿದಳು. ತನ್ನ ತಾಟು ಎತ್ತಿಕೊಂಡು ಹಿತ್ತಲ ಬಾಗಿಲ ಹತ್ತಿರ ಹೋಗಿ ಕೂತಳು. ಕೃಷ್ಣಾಬಾಯಿ ಒಮ್ಮೆ ಮಗನನ್ನು, ಒಮ್ಮೆ ಸೊಸೆಯನ್ನು ನೋಡಿದಳು. ಅಂದಿನಿಂದ ಪ್ರಣೀತಾ ಅವನೆದುರು ಕೂತು ಉಣ್ಣಲಿಲ್ಲ.