ನಾಲ್ಕು ಗಂಟೆಯ ಸೊನ್ನೆ

ಗಣಿತದ ಮೇಡಂ ಅಂಕಪಟ್ಟಿಯಲ್ಲಿ ಸೊನ್ನೆ ಒತ್ತಿದರು. ಕಂಪ್ಯೂಟರು ಅದನ್ನು ನುಂಗಿ ಮೂವತ್ತೈದು ಎಂದು ತೋರಿಸಿತು. ಅಳಿಸಿ ಮತ್ತೆ ಒತ್ತಿದರು. ಮತ್ತೆ ಮೂವತ್ತೈದು.

"ಇದಕ್ಕೇನು ಬಂತು ರೋಗ?"

"ರೋಗ ಅಲ್ಲ ಮೇಡಂ, ಆದೇಶ," ಎಂದರು ಹೆಡ್ಮಾಸ್ಟರು. ಜಿಲ್ಲಾ ಶಿಕ್ಷಣ ಕಚೇರಿಯ ಸಭೆ ಮುಗಿಸಿಕೊಂಡು ಆಗಷ್ಟೇ ಬಂದಿದ್ದರು, ಕೈಯಲ್ಲಿ ಸುತ್ತೋಲೆ ಇತ್ತು. "ಇನ್ಮೇಲೆ ಯಾರಿಗೂ ಮೂವತ್ತೈದಕ್ಕಿಂತ ಕಮ್ಮಿ ಇಲ್ಲ. ಖಾಲಿ ಹಾಳೆ ಕೊಟ್ರೂ ಪಾಸು. ಸೊನ್ನೆ ನೋಡಿದ್ರೆ ಮಕ್ಕಳ ಮನಸ್ಸು ಮುದುಡುತ್ತಂತೆ. ಪೇಪರಲ್ಲೂ ಹಾಕಿದಾರೆ, ಸೊನ್ನೆಮುಕ್ತ ಜಿಲ್ಲೆ ಅಂತ."

"ಹಾಗಾದ್ರೆ ನನ್ನ ನಾಲ್ಕು ಗಂಟೆ ಕ್ಲಾಸು?"

"ಹಿಂದುಳಿದವರೇ ಇಲ್ಲ ಅಂದ್ಮೇಲೆ ಯಾರಿಗೆ ಕ್ಲಾಸು? ಬಂದ್. ನಾಲ್ಕಕ್ಕೆ ಕೋಣೆಗೆ ಬೀಗ. ಮನೆಗೆ ಹೋಗಿ ಆರಾಮಾಗಿರಿ."

ಆ ಶಾಲೆಯಲ್ಲಿ ಅವರಿಗೆ ಸೊನ್ನೆ ಮೇಡಂ ಎಂದೇ ಹೆಸರು. ಸೊನ್ನೆ ಕೊಡುವುದರಲ್ಲಿ ಅವರದು ಧಾರಾಳ ಕೈ. ಆದರೆ ಆ ಸೊನ್ನೆ ಬರೀ ಸೊನ್ನೆಯಾಗಿರುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ದುಂಡಗೆ ಬರೆದು ಒಳಗೆ ಎರಡು ಮುಳ್ಳು ಹಾಕುತ್ತಿದ್ದರು, ಉದ್ದದ್ದು ನೆಟ್ಟಗೆ ಮೇಲಕ್ಕೆ, ಗಿಡ್ಡದು ನಾಲ್ಕರ ಕಡೆಗೆ. ಅಂದರೆ ನಾಲ್ಕು ಗಂಟೆಗೆ ಬಾ, ಮತ್ತೆ ಹೇಳಿಕೊಡುತ್ತೇನೆ ಎಂದರ್ಥ. "ನಿಂಗೂ ಗಡಿಯಾರ ಬಂತೇನೋ?" ಎಂದು ಮಕ್ಕಳು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ಗಡಿಯಾರ ಬಂದವರು ಮುಖ ಸಿಂಡರಿಸಿಕೊಂಡು ಬರುತ್ತಿದ್ದರು, ಲೆಕ್ಕ ತಲೆಗೆ ಹತ್ತಿದ ಕೂಡಲೇ ಓಟ ಕೀಳುತ್ತಿದ್ದರು. ಆರರವರೆಗೂ, ಮೇಡಂ ಹಾಳೆ ತಿದ್ದಿ ಮುಗಿಸುವವರೆಗೂ, ಅಲ್ಲೇ ಕೂರುತ್ತಿದ್ದವಳು ಒಬ್ಬಳೇ. ಅವಳು ಎಳೆ ಕೈಕಾಲಿನ ಪುಟ್ಟ ಹುಡುಗಿ, ತರಗತಿಯಲ್ಲೆಲ್ಲ ಗುಬ್ಬಿ ಎಂದೇ ಕರೆಯುತ್ತಿದ್ದರು. ವರ್ಷವಿಡೀ ಪ್ರತಿ ಪರೀಕ್ಷೆಯಲ್ಲೂ ಅವಳಿಗೆ ಗಡಿಯಾರವೇ.

ಮರುದಿನ ಹಾಳೆಗಳನ್ನು ಹಂಚಿದಾಗ ತರಗತಿಯಲ್ಲಿ ಕೇಕೆಯೋ ಕೇಕೆ. ಖಾಲಿ ಹಾಳೆಗೂ ಮೂವತ್ತೈದು! ಗುಬ್ಬಿ ಮಾತ್ರ ತನ್ನ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಾಲ್ಕಕ್ಕೆ ಜವಾನ ಬೀಗ ಹಿಡಿದು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಪಾಸಾಗಿದೀಯಲ್ಲೇ, ಹೋಗು," ಎಂದರು ಮೇಡಂ.

"ನಂಗೆ ಭಿನ್ನರಾಶಿ ಬರಲ್ಲ ಮೇಡಂ."

"ಬರದಿದ್ರೂ ಪಾಸು. ಈಗ ಹಾಗೇ."

ಹುಡುಗಿ ಹೋಗಲಿಲ್ಲ. ಮೇಡಂ ಬಸ್ಸು ಹತ್ತುವಾಗಲೂ ಶಾಲೆಯ ಗೇಟಿನ ಹೊರಗೆ ಚೀಲ ಅಪ್ಪಿಕೊಂಡು ಕೂತೇ ಇದ್ದಳು.

ವಾರ ಕಳೆಯುವುದರೊಳಗೆ ಅವಳ ತಾಯಿ ಬಂದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ, ಬಿಸಿನೀರಿಗೆ ಬೆರಳುಗಳೆಲ್ಲ ಬೆಳ್ಳಗೆ ನೆರಿಗೆಗಟ್ಟಿದ್ದವು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಮಗಳನ್ನ ಯಾಕೆ ಪಾಸು ಮಾಡಿದ್ರಿ ಮೇಡಂ? ಆ ಸೊನ್ನೆ ವಾಪಸ್ ಕೊಡಿ."

ಅಷ್ಟು ವರ್ಷದ ನೌಕರಿಯಲ್ಲಿ ಮೇಡಂ ಇಂಥ ಮಾತು ಕೇಳಿದ್ದಿಲ್ಲ. ನಗುವುದೋ ಬಿಡುವುದೋ ತಿಳಿಯಲಿಲ್ಲ.

"ಅವಳಿಗೆ ಲೆಕ್ಕ ಎಲ್ಲಾ ಬರುತ್ತೆ," ಎಂದಳು ತಾಯಿ. "ಪಕ್ಕದ ಮನೆ ದೊಡ್ಡ ಮಕ್ಕಳಿಗೂ ಇವಳೇ ಹೇಳ್ಕೊಡ್ತಾಳೆ. ಇಲ್ಲಿ ಬೇಕಂತಲೇ ಖಾಲಿ ಬಿಡ್ತಾಳೆ. ನಂಗೆ ಗೊತ್ತಿತ್ತು, ಸುಮ್ಮನಿದ್ದೆ. ನನ್ನ ತಮ್ಮ ನಮ್ಮನೇಲೇ ಬಂದು ಕೂತಿದಾನೆ. ಮಧ್ಯಾಹ್ನ ಆದ್ರೆ ಅವನ ಗೆಳೆಯರೆಲ್ಲ ಸೇರ್ತಾರೆ, ಕುಡೀತಾರೆ. ಇರೋದು ಒಂದೇ ಕೋಣೆ. ನಾನು ಬರೋದು ಆರರ ಮೇಲೆ. ಹೊರಗೆ ಹಾಕಿದ್ರೂ ಮತ್ತೆ ಬರ್ತಾನೆ. ಹೆಣ್ಣುಮಗು ಮೇಡಂ. ನಂಗೆ ಭಯ ಆಗುತ್ತೆ."

ಮೇಡಂಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಭಿನ್ನರಾಶಿ ತಿಳಿಸಲು ಎಷ್ಟು ಕಾಗದದ ಬಿಲ್ಲೆ ಕತ್ತರಿಸಿದ್ದರು! ಅರ್ಧ, ಕಾಲು, ಅರೆಕಾಲು ಎಂದು ಜೋಡಿಸಿ ತೋರಿಸಿದಾಗಲೆಲ್ಲ ಆ ಪೋರಿ ಕಣ್ಣರಳಿಸಿ "ಓಹೋ, ಹೀಗಾ?" ಎಂದಿದ್ದಳು. ಒಂದು ಸಂಜೆಯಂತೂ ಮನೆಗೆ ಹೋಗಿ ಗಂಡನಿಗೆ, "ಗುಬ್ಬಿಗೆ ಕೊನೆಗೂ ಕಾಲು ಭಾಗ ಅರ್ಥವಾಯ್ತು ಕಣ್ರೀ," ಎಂದು ಹಿಗ್ಗಿ ಹೇಳಿದ್ದರು. ತಮ್ಮನ್ನು ಮಂಗ ಮಾಡಿದಳಲ್ಲ ಎಂದು ಮೈ ಉರಿಯಿತು. ತಾಯಿ ಹೋದ ಮೇಲೆ ಮೇಜಿನ ಖಾನೆ ಎಳೆದರು. ಬಿಲ್ಲೆಗಳು ಅಲ್ಲೇ ಇದ್ದವು. ಪ್ರತಿಯೊಂದರ ಅಂಚಿಗೂ ಯಾರೋ ಪೆನ್ಸಿಲಿನಲ್ಲಿ ನಾಜೂಕಾಗಿ ಹೂವಿನ ಬಳ್ಳಿ ಬರೆದಿದ್ದರು. ಎರಡು ಗಂಟೆ ಹೊತ್ತು ಸುಮ್ಮನೆ ಕೂತಿರಬೇಕಾದವರ ಕೆಲಸ. ಸಿಟ್ಟು ಅಲ್ಲಿಗೆ ಇಳಿಯಿತು.

ಮುಂದಿನ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಕೊಡುತ್ತಾ ಗುಬ್ಬಿಯ ಬೆಂಚಿನ ಬಳಿ ಬಗ್ಗಿದರು.

"ಎಲ್ಲಾ ಬರಿ. ಒಂದೂ ಬಿಡಬೇಡ."

ಹುಡುಗಿಯ ಮುಖ ಬಿಳಿಚಿತು. "ನಂಗೆ ಬರಲ್ಲ ಮೇಡಂ."

"ಬರುತ್ತೆ ಅಂತ ಗೊತ್ತು. ಯಾಕೆ ಬಿಡ್ತೀಯ ಅನ್ನೋದೂ ಗೊತ್ತು. ಬರಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ನೋಡಿಕೊಳ್ಳುವುದು ಹೇಗೆಂದು ಮೇಡಂಗೂ ಇನ್ನೂ ಹೊಳೆದಿರಲಿಲ್ಲ. ಗುಬ್ಬಿ ಬಹಳ ಹೊತ್ತು ಪೆನ್ಸಿಲು ಕಚ್ಚುತ್ತಾ ಕೂತಳು. ಪಕ್ಕದವರು ಎರಡನೇ ಪುಟಕ್ಕೆ ಹೋದರೂ ಅವಳ ಹಾಳೆ ಖಾಲಿಯೇ. ಆಮೇಲೆ ಒಮ್ಮೆ ಮೇಡಂ ಕಡೆ ನೋಡಿ, ತಲೆ ತಗ್ಗಿಸಿ ಬರೆಯತೊಡಗಿದಳು. ಗಂಟೆ ಹೊಡೆಯುವವರೆಗೂ ತಲೆ ಎತ್ತಲಿಲ್ಲ.

ಅವಳ ಹಾಳೆಯಲ್ಲಿ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಆ ಹಾಳೆಯನ್ನೇ ಹಿಡಿದುಕೊಂಡು ಮೇಡಂ ಹೆಡ್ಮಾಸ್ಟರ ಕೋಣೆಗೆ ನಡೆದರು.

"ನಾಲ್ಕು ಗಂಟೆಗೆ ನಂಗೆ ಕೋಣೆ ಬೇಕು ಸಾರ್."

"ಮತ್ತೆ ಶುರುವಾಯ್ತಾ? ಹಿಂದುಳಿದವರಿಗೆ ಕ್ಲಾಸು ಇಲ್ಲ ಅಂತ ಸುತ್ತೋಲೇಲಿ ಬರೆದಿದೆಯಲ್ರೀ."

"ಇದು ಮುಂದಿರೋರಿಗೆ. ಮುಂದಿರೋರಿಗೆ ಪಾಠ ಮಾಡಬಾರದು ಅಂತ ಇದ್ರೆ ತೋರಿಸಿ, ಸುಮ್ಮನಾಗ್ತೀನಿ."

ಹೆಡ್ಮಾಸ್ಟರು ಕನ್ನಡಕ ಹಾಕಿಕೊಂಡು ಸುತ್ತೋಲೆಯನ್ನು ಮೇಲಿನಿಂದ ಕೆಳಗೆ ಓದಿದರು. ಹಿಂದೆ ತಿರುಗಿಸಿಯೂ ನೋಡಿದರು.

"ಇಲ್ಲ," ಎಂದರು ಕೊನೆಗೆ. "ಎಷ್ಟು ಜನ ಇದಾರೆ?"

"ಸದ್ಯಕ್ಕೆ ಒಬ್ಬಳು."

"ಒಬ್ಬಳಿಗೋಸ್ಕರ ನೀವು ಆರರವರೆಗೆ ಕೂತಿರ್ತೀರಾ?"

"ಇಷ್ಟು ದಿನ ಕೂತಿರಲಿಲ್ವಾ?"

ಹೆಡ್ಮಾಸ್ಟರು ಹಾಳೆಯನ್ನೊಮ್ಮೆ, ಮೇಡಂ ಮುಖವನ್ನೊಮ್ಮೆ ನೋಡಿದರು. ಆಮೇಲೆ ಖಾನೆಯಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಸರಿಸಿದರು. "ಹೋಗೋವಾಗ ಕಿಟಕಿ ಹಾಕಿ," ಎಂದರು.

ಮರುದಿನ ಕೊನೆಯ ಪಿರಿಯಡ್ಡಿನಲ್ಲಿ ಹಾಳೆಗಳು ಬಂದವು. ಗುಬ್ಬಿ ತನ್ನದನ್ನು ತಕ್ಷಣ ನೋಡಲಿಲ್ಲ. ಪುಸ್ತಕ, ಪೆನ್ಸಿಲು ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿ, ಚೀಲ ಹೆಗಲಿಗೆ ಹಾಕಿಕೊಂಡ ಮೇಲೆ ಹಾಳೆ ತಿರುಗಿಸಿದಳು. ಕೆಂಪು ಶಾಯಿಯಲ್ಲಿ ನೂರು ಎಂದಿತ್ತು. ಕೊನೆಯ ಸೊನ್ನೆಯೊಳಗೆ ಎರಡು ಮುಳ್ಳುಗಳಿದ್ದವು.

ಗಂಟೆ ಹೊಡೆಯಿತು. ಎಲ್ಲರೂ ಗದ್ದಲ ಮಾಡುತ್ತಾ ಹೊರಗೆ ನುಗ್ಗಿದರು. ಗುಬ್ಬಿ ಚೀಲವನ್ನು ಹೆಗಲಿನಿಂದ ಇಳಿಸಿ, ಪೆನ್ಸಿಲು ಡಬ್ಬಿಯನ್ನು ಮತ್ತೆ ಹೊರಗೆ ತೆಗೆದು ಬೆಂಚಿನ ಮೇಲಿಟ್ಟಳು.