ಪಾಠದ ಮೈ

"ಉಚ್ಚೆ ಬಾಟ್ಲಿ ಇಡ್ಕೊಂಡು ಗೇಟ್ ಮುಂದೆ ಕುಂತವ್ನಲ್ಲೇ ನಿಮ್ಮಪ್ಪ, ಇದೇನು ನಿಮ್ ಅಟ್ಟಿ ಅನ್ಕಂಡ್ಯಾ? ಸಾಹೇಬ್ರ ಕಾರು ಬರೋ ಒತ್ತು. ಎತ್ತಾಕು ಆ ಎಣಾನ!"

ರಾಮಾಂಜಿನಪ್ಪ ಕೂಗಿದ ಹೊಡೆತಕ್ಕೆ ಪಿಳ್ಳಮ್ಮನ ತಲೆಯ ಮೇಲಿದ್ದ ಜಲ್ಲಿಯ ಬಾಂಡ್ಲಿ ಅಲುಗಿತು. ಅವಳು ಅದನ್ನು ರಾಶಿಗೆ ಸುರಿದು ಬಂದಳು.

ದೊಡ್ಡನೆಕ್ಕುಂದಿಯ ರಾಗಿ ಹೊಲಗಳು ಕಾರ್ಖಾನೆಗಳ ಪಾಲಾದ ಮೇಲೆ ಹೊಲದ ಯಜಮಾನ ರಾಮಾಂಜಿನಪ್ಪ ಕೂಲಿ ಕಂಟ್ರಾಕ್ಟರ್ ಆಗಿದ್ದ. ಮೀಸೆ ಮೂಡುವ ಮೊದಲೇ ಅವನ ಮನೆಗೆ ಜೀತಕ್ಕೆ ಬಿದ್ದು, ಹಲ್ಲುದುರುವವರೆಗೂ ದುಡಿದ ಪಿಳ್ಳಮ್ಮನ ಅಪ್ಪ ಹನುಮಯ್ಯ ಈಗ ಕಾರ್ಖಾನೆಯ ಗೇಟಿನ ಪಕ್ಕದ ಹೊಂಗೆ ಮರಕ್ಕೆ ಒರಗಿ ಕೂತಿದ್ದ. ಹೋದ ವಾರ ಉಚ್ಚೆ ಕಟ್ಟಿ, ಹೊಟ್ಟೆ ಮಡಕೆಯಂತೆ ಉಬ್ಬಿ ಒದ್ದಾಡಿದಾಗ, ಹತ್ತಿರದ ಆಸ್ಪತ್ರೆಯವರು ರಬ್ಬರ್ ಟ್ಯೂಬು ತೂರಿಸಿ, ಅದರ ತುದಿಯನ್ನು ಖಾಲಿ ಗ್ಲೂಕೋಸ್ ಬಾಟ್ಲಿಗೆ ಇಳಿಬಿಟ್ಟು ಕಳಿಸಿದ್ದರು. "ಕ್ಯಾನ್ಸರ್ ಇದ್ರೂ ಇರಬೋದು, ದೊಡ್ಡಾಸ್ಪತ್ರೇಲಿ ತೋರ್ಸು" ಎಂದಿದ್ದರು. 'ಇರಬೋದು' ಎಂಬ ಆ ಒಂದು ಮಾತು ಪಿಳ್ಳಮ್ಮನಿಗೆ ಅಂದಿನಿಂದ ಅನ್ನ ಇಳಿಯಗೊಟ್ಟಿರಲಿಲ್ಲ.

"ಈ ಲೋಡು ಇಳ್ಸಿ ಓಗು ಅಂದ್ರಿ, ಇಳ್ಸಿವ್ನಿ ಗೌಡ್ರೇ. ಈಗ ಬಿಟ್ರೆ ಡಾಕ್ಟ್ರು ಸಿಗ್ತಾರೆ."

"ಓಗು. ನಾಳಿಂದ ಈ ಕಡೆ ತಲೆ ಆಕ್ಬ್ಯಾಡ. ಉಚ್ಚೆ ಉಯ್ಯಾಕೂ ದೊಡ್ಡಾಸ್ಪತ್ರೆ ಬೇಕೇನೇ ಬೋಸುಡಿ, ನಿಮ್ ಜಾತಿಗೆ?"

"ತಪ್ಪಾಯ್ತು ಬುದ್ದೀ," ಮುದುಕ ಮರದ ಬುಡದಿಂದಲೇ ಅಂಗಲಾಚಿದ. "ಎಣ್ಮಗ, ತಿಳೀದು. ಅವ್ಳು ಗೇಯ್ಲಿ. ನಾನಿಲ್ಲೇ ಬಿದ್ದಿರ್ತೀನಿ."

ಪಿಳ್ಳಮ್ಮ ತಲೆಯ ಸಿಂಬಿ ಬಿಚ್ಚಿ ರಪ್ಪನೆ ಕೊಡವಿದಳು. ಜಲ್ಲಿ ಧೂಳು ರಾಮಾಂಜಿನಪ್ಪನ ಬಿಳಿ ಪಂಚೆಗೆ ಹಾರಿತು. ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಬಾಟ್ಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾರತ್ತಹಳ್ಳಿಯ ಬಸ್ಸಿಗೆ ನಡೆದಳು.

ದೊಡ್ಡಾಸ್ಪತ್ರೆಯ ಡಾಕ್ಟರು ಮುದುಕನ ಮುಖ ನೋಡಲಿಲ್ಲ. ಸುತ್ತ ನಿಂತಿದ್ದ ಓದೋ ಹುಡುಗರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಪರದೆಯ ಒಳಗೆ ಹೋದರು. ಆಯಾ ಲಕ್ಷ್ಮಮ್ಮ ಹೊರಗೆ ನಿಂತಿದ್ದ ಪಿಳ್ಳಮ್ಮನಿಗೆ ಬಿಡಿಸಿ ಹೇಳಿದಳು:

"ಉಚ್ಚೆ ಚೀಲದ ಬಾಯ್ತಾವ ಒಂದು ಗಂಟು ಇರ್ತದಂತೆ, ಗಂಡಸ್ರಿಗೆ. ಅದು ಕಲ್ಲಂಗೆ ಆಗೈತಾ ಅಂತ ಇಂದ್ಗಡೆಯಿಂದ ಬೆರಳಾಕಿ ನೋಡ್ತಾರೆ. ಆಮೇಲೆ ಸೂಜಿ ಆಕಿ ಚೂರು ತಗುದು ಪರೀಕ್ಷೆಗೆ ಕಳಿಸ್ತಾರೆ. ಎದ್ರುಕೋಬ್ಯಾಡ, ಒಂದ್ ಗಳಿಗೆ."

ಗಳಿಗೆ ಕಳೆಯಿತು. ಡಾಕ್ಟರು ಕೈ ತೊಳೆದುಕೊಳ್ಳುತ್ತ ಹೊರಬಂದರು. ಅಪ್ಪ ಬರಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋಗತೊಡಗಿದರು. ಪರದೆಯ ಕೆಳಗೆ ಒಂದು ಜೊತೆ ಬೂಟು ಸರಿದು ಇನ್ನೊಂದು ಜೊತೆ ಬರುತ್ತಿತ್ತು.

"ಅವ್ವಾ…" ಎಂದ ಮುದುಕ. ಆಮೇಲೆ, "ಸಾಕು ಬುದ್ದೀ."

"ಬಿಗಿ ಹಿಡೀಬೇಡ್ವೋ ತಾತ, ಸಡ್ಲ ಬಿಡು." ಯಾರೋ ಕಿಸಕ್ಕೆಂದರು.

ಪಿಳ್ಳಮ್ಮ ಪರದೆಯನ್ನು ಕಿತ್ತುಬರುವಂತೆ ಎಳೆದಳು.

ಅಪ್ಪ ಮೇಜಿನ ಮೇಲೆ ಮಂಡಿಯೂರಿ, ನೊಗಕ್ಕೆ ತಲೆಯೊಡ್ಡಿದ ಎತ್ತಿನಂತೆ ಬಗ್ಗಿದ್ದ. ಪಂಚೆ ನೆಲದಲ್ಲಿ ಬಿದ್ದಿತ್ತು. ಟ್ಯೂಬು ಜಗ್ಗಿ ಬಾಟ್ಲಿಯೊಳಗೆ ಕೆಂಪು ಎಳೆ ಇಳಿಯುತ್ತಿತ್ತು. ಸರತಿಯವನು ಕೈಗವಸು ಏರಿಸಿಕೊಳ್ಳುತ್ತಿದ್ದ.

"ಮುಟ್ಟಬ್ಯಾಡ!"

ಡಾಕ್ಟರು ತಿರುಗಿದರು. "ಯಾರೇ ನೀನು? ಗಂಡಸರ ಕಡೆ ನುಗ್ತೀಯಲ್ಲ, ನಾಚಿಕೆ ಆಗಲ್ವಾ?"

"ನಂಗ್ಯಾಕೆ ಸೋಮಿ ನಾಚ್ಕೆ? ನೀವು ನೋಡಿದ್ರಿ, ಸರಿ. ಇವ್ರೆಲ್ಲ ಯಾಕೆ ಬೆಟ್ಟಾಕ್ತಾವ್ರೆ?"

"ಕಲೀಬೇಕಲ್ಲ ಅವ್ರು. ಪುಕ್ಕಟೆ ನೋಡ್ತೀವಿ, ಇಷ್ಟೂ ತಡ್ಕೊಳಕ್ಕಾಗಲ್ವಾ ನಿಮಗೆ?"

"ನೀವು ಕಲ್ತಾಗ ನಿಮ್ಮಪ್ಪನ್ನ ಇಂಗ್ ಬಗ್ಗಿಸಿದ್ರಾ?"

ಕೈಗವಸಿನ ಹುಡುಗ ತಲೆ ತಗ್ಗಿಸಿದ. ಡಾಕ್ಟರ ಮುಖ ಕೆಂಪೇರಿತು. "ಎತ್ಕೊಂಡು ಹೋಗು ಇವನ್ನ. ಸೂಜಿನೂ ಇಲ್ಲ, ಪರೀಕ್ಷೆನೂ ಇಲ್ಲ. ಎಲ್ಲಾದ್ರೂ ಸಾಯಿರಿ!"

ಲಕ್ಷ್ಮಮ್ಮ ಓಡಿಬಂದು ಪಿಳ್ಳಮ್ಮನ ತೋಳು ಹಿಡಿದಳು. "ಕಾಲಿಗ್ ಬೀಳೇ ತಾಯಿ. ಸೂಜಿ ಆಕ್ದೆ ಏನೂ ಗೊತ್ತಾಗಕಿಲ್ಲ. ಬೀಳು."

"ಬೀಳವ್ವಾ," ಮುದುಕನೂ ಅಳುತ್ತ ಹೇಳಿದ. "ನಂದೇನೂ ಓಗಿಲ್ಲ. ಆಡ್ಕೊಳ್ಳಿ ಬಿಡು. ಈ ಮೈಯ ಯಾರ್ಯಾರೋ ದುಡಿಸ್ಕೊಂಡವ್ರೆ, ಇವ್ರೂ ಒಂದಷ್ಟು ದಿನ…"

ಪಿಳ್ಳಮ್ಮ ಬಗ್ಗಿದಳು. ಡಾಕ್ಟರು ಕಾಲನ್ನು ತುಸು ಮುಂದಕ್ಕಿಟ್ಟರು. ಅವಳು ನೆಲದ ಮೇಲಿದ್ದ ಪಂಚೆ ಎತ್ತಿಕೊಂಡಳು. ಟ್ಯೂಬು ನುಲಿಯದಂತೆ ಸರಿಮಾಡಿ, ಕೂಸಿಗೆ ಉಡಿಸುವಂತೆ ಅಪ್ಪನಿಗೆ ಪಂಚೆ ಸುತ್ತಿದಳು. ಅಪ್ಪನನ್ನು ಇಳಿಸಿ, ನಡೆಸಿಕೊಂಡು ಬಂದು, ಕೋಣೆಯ ಬಾಗಿಲ ಹೊಸ್ತಿಲಿಗೆ ಅಡ್ಡಲಾಗಿ ಮಲಗಿಸಿದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಕೂತಳು.

"ಏನೇ ಇದು? ಎದ್ದೇಳು!"

"ಏಳಲ್ಲ. ಸೂಜಿ ಆಕಿ, ಕ್ಯಾನ್ಸರ್ರೋ ಅಲ್ವೋ ಅನ್ನೋವರ್ಗೂ ನಮ್ಮಪ್ಪ ಇಲ್ಲಿಂದ ಅಲ್ಲಾಡಲ್ಲ. ಪಾಠ ಸಾಕು, ಪರೀಕ್ಷೆ ಮಾಡ್ರಿ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುನಿಯಣ್ಣ ಎಂಬ ಇನ್ನೊಬ್ಬ ಮುದುಕ ಮೆಲ್ಲಗೆ ಎದ್ದು ಬಂದ. ಮುಂದಿನ ಸರತಿ ಅವನದೇ.

"ನಂಗೂ ಇಂಗೇ ಮಾಡ್ತಿದ್ರೇನವ್ವ?"

"ಊಂ ಕಣಣ್ಣ."

ಅವನು ಕೋಲು ಊರಿ, ಸೊಂಟ ಹಿಡಿದುಕೊಂಡು, ಹನುಮಯ್ಯನ ಕಾಲ ಬಳಿ ಕೂತ. ಬೆಂಚಿನಿಂದ ಇನ್ನೂ ಯಾರೋ ಎದ್ದ ಸದ್ದಾಯಿತು.

"ಪೊಲೀಸ್ ಕರೀರಿ," ಎಂದರು ಡಾಕ್ಟರು. ಯಾರೂ ಕದಲಲಿಲ್ಲ. ಹೊರಬೀಳಲು ಅದೊಂದೇ ಬಾಗಿಲು. "ದಾರಿ ಬಿಡ್ತೀಯೋ ಇಲ್ವೋ?"

"ದಾಟ್ಕೊಂಡ್ ಓಗ್ರಿ. ಟ್ಯೂಬಿನ ಮ್ಯಾಲೆ ಮಾತ್ರ ಕಾಲಿಡ್ಬ್ಯಾಡ್ರಿ."

ಡಾಕ್ಟರು ಬೂಟುಗಾಲು ಎತ್ತಿದರು. ಕೆಳಗೆ, ಹೊಸ್ತಿಲ ಮೇಲೆ ಮಲಗಿದ್ದ ಹನುಮಯ್ಯ ಅಳು ನಿಲ್ಲಿಸಿದ್ದ. ಕಣ್ಣು ತಗ್ಗಿಸದೆ ಆ ಬೂಟನ್ನೇ ನೋಡುತ್ತಿದ್ದ. ಅದು ಎಲ್ಲಿ ಊರಬೇಕೆಂದು ತಿಳಿಯದೆ ಅವನ ಎದೆಯ ಮೇಲೆ ಗಾಳಿಯಲ್ಲೇ ನಿಂತಿತ್ತು.