ಎರಡು ಹುಬ್ಬಳ್ಳಿ ಕಂಡ ಪಾನಾ

ನಾನು ಒಂದು ಪಾನಾ. ನಟ್ಟು ಬಿಗಿಯುವುದು, ಬಿಚ್ಚುವುದು ನನ್ನ ಹುಟ್ಟುಗುಣ. ತಲೆ ಒಡೆಯುವುದನ್ನು ಆಮೇಲೆ ಕಲಿತೆ.

ಹುಬ್ಬಳ್ಳಿಯ ಮೌನೇಶಪ್ಪ ಕಮ್ಮಾರ ಲಾರಿಯ ಹಳೆಯ ಅಚ್ಚನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ನನ್ನನ್ನು ಮಾಡಿದ. ಆ ಏಟುಗಳನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಆದರೆ ಮುದುಕ ಹೊಡೆದಷ್ಟೇ ಗೌರವವನ್ನೂ ಕೊಟ್ಟ. ಅವನ ಅಂಗಡಿಯಲ್ಲಿ ಯಾರ ಕಾಲು ಹತ್ಯಾರಗಳಾದ ನಮಗೆ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಮಗ ವಿರೂಪಾಕ್ಷ, ಮಗಳು ಕಲಾವತಿ ನಡೆಯಲು ಕಲಿತದ್ದೇ ನಮ್ಮ ನಡುವೆ. ನಿದ್ದೆಗಣ್ಣಿನಲ್ಲೂ ಅವರ ಕೈ ತಾನಾಗಿ ಕೆಳಗಿಳಿಯುತ್ತಿತ್ತು.

ಮುದುಕ ಸತ್ತ ಮೇಲೆ ನಾನು ವಿರೂಪಾಕ್ಷನ ಲೇತ್ ಅಂಗಡಿ ಸೇರಿದೆ. ಕಲಾವತಿ ಖಾಸಗಿ ಪತ್ತೇದಾರಿಕೆಗೆ ಇಳಿದಳು. ಓಡಿಹೋದ ಗಂಡಂದಿರನ್ನೂ ಸುಳ್ಳು ಹೇಳಿ ಮದುವೆಯಾಗುವವರನ್ನೂ ಹಿಡಿದುಕೊಡುವುದು ಅವಳ ಕಸುಬು.

ಒಂದು ದಿನ, ಮುಚ್ಚಿಹೋದ ಹತ್ತಿ ಗಿರಣಿಯಲ್ಲಿ ಯಾರೋ ರಿಪೇರಿಗೆ ಕರೆದಿದ್ದಾರೆಂದು ಹೋದ ವಿರೂಪಾಕ್ಷ ಸಂಜೆಗೆ ಮರಳಿದ. ಅದೇ ಮುಖ, ಅದೇ ಮೀಸೆ, ಹುಬ್ಬಿನ ಮೇಲೆ ಅದೇ ಹಳೆಯ ಗಾಯ. ಬಂದವನೇ ನೆಲದ ಮೇಲಿದ್ದ ನನ್ನನ್ನು ಚಪ್ಪಲಿಗಾಲಿನಿಂದ ಒದ್ದು ಸರಿಸಿದ. ಬಗ್ಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಅವನ ಹೆಂಡತಿ ಗಿರಿಜಾಳ ಮುಖ ಬಿಳಿಚಿಕೊಂಡಿತು.

ಮರುದಿನ ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಲಾವತಿಯ ಮನೆಗೆ ಹೋದಳು.

"ಕಲಾ, ಮನ್ಯಾಗ ಇರಾಂವ ನಿಮ್ಮಣ್ಣ ಅಲ್ಲ. ಪಾನಾಕ್ಕ ಒದ್ದ, ಮುಟ್ಟಿ ಕಣ್ಣಿಗೆ ಒತ್ಕೊಳ್ಳಲಿಲ್ಲ."

ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಕಲಾವತಿ ನಗಲಿಲ್ಲ.

"ವೈನಿ, ನೀವೇನೂ ತೋರಿಸ್ಕೋಬ್ಯಾಡ್ರಿ. ಅಂವ ಎಲ್ಲಿ ಹೋಗ್ತಾನ ನಾ ನೋಡ್ತೀನಿ," ಎಂದು ನನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಅವನು ಹೋದದ್ದು ಅದೇ ಗಿರಣಿಗೆ. ಬಾಯ್ಲರ್ ಕೋಣೆಯ ಗೋಡೆಗೆ ಆಳೆತ್ತರದ ಕಬ್ಬಿಣದ ಬಳೆಯೊಂದನ್ನು ಬೋಲ್ಟು ಹಾಕಿ ನಿಲ್ಲಿಸಿದ್ದ. ಬಳೆಯೊಳಗೆ ಗೋಡೆ ಇರಲಿಲ್ಲ, ಇನ್ನೊಂದು ಲೋಕವಿತ್ತು. ಅವನು ಕಾಲೆತ್ತಿ ದಾಟಿದ. ಸ್ವಲ್ಪ ಹೊತ್ತು ಬಿಟ್ಟು ನಾವೂ ದಾಟಿದೆವು.

ಅದೂ ಹುಬ್ಬಳ್ಳಿಯೇ. ಆದರೆ ಬೀದಿಗಳು ಸುಟ್ಟು ಬೂದಿಯಾಗಿದ್ದವು, ನೀರಿಗಾಗಿ ಜನ ಜನರನ್ನು ಕಡಿಯುತ್ತಿದ್ದರು. ಅಲ್ಲಿ ಪಾನಾ ಎಂದರೆ ಹೊಡೆಯುವ ಕಬ್ಬಿಣ, ಅಷ್ಟೇ. ಅಲ್ಲಿಯ ಗಿರಣಿಯ ಗೋಡೆಗೆ ಕಿವಿಯಿಟ್ಟಾಗ ಸಂಗತಿ ತಿಳಿಯಿತು. ಆ ಲೋಕದ ವಿರೂಪಾಕ್ಷನ ಗಿರಿಜಾಳನ್ನು ಒಂದು ಕೊಡ ನೀರಿಗಾಗಿ ಕೊಂದಿದ್ದರು. ನಮ್ಮ ಗಿರಿಜಾ ಬದುಕಿದ್ದಾಳೆಂದು ತಿಳಿದು ಅವನು ಈ ಕಡೆ ಬಂದಿದ್ದ. ನಮ್ಮ ವಿರೂಪಾಕ್ಷನನ್ನು ರಿಪೇರಿಗೆಂದು ಕರೆಸಿ, ಆ ಗಿರಣಿಯಲ್ಲಿ ಕಟ್ಟಿಹಾಕಿ, ಹೊಡೆದು ಹೊಡೆದು ಮನೆಯ ರೀತಿ ರಿವಾಜು ಕಲಿಯುತ್ತಿದ್ದ.

"ಹೇಳಲೇ, ಗಿರಿಜಾ ಸಿಟ್ಟಾದ್ರ ನೀ ಏನ್ ಮಾಡ್ತಿ?" ಎಂದು ಒಳಗೆ ಅರಚುತ್ತಿದ್ದ. ಕಾಲು ತಾಗಿದರೆ ಏನು ಮಾಡಬೇಕೆಂದು ಮಾತ್ರ ಕೇಳಿರಲಿಲ್ಲ. ಅದು ಕೇಳಬೇಕೆಂದು ಹೊಳೆಯುವ ಸಂಗತಿಯೇ ಅಲ್ಲ.

ಬಾಗಿಲಲ್ಲಿ ಕಾವಲಿದ್ದವನ ಮೊಣಕಾಲನ್ನು, ಆಮೇಲೆ ದವಡೆಯನ್ನು ಕಲಾವತಿ ನನ್ನಿಂದ ಮುರಿದಳು. ಅವನ ಹಲ್ಲೊಂದು ನನ್ನ ಬಾಯಲ್ಲಿ ಸಿಕ್ಕಿಕೊಂಡಿತು. ಒಳಗೆ ನುಗ್ಗಿ, ಅರಚುತ್ತಿದ್ದವನನ್ನು ಒದ್ದು ಕೆಡವಿ, ಅಣ್ಣನ ಸರಪಳಿಯ ನಟ್ಟು ಬಿಚ್ಚಿದಳು. ಬಿಚ್ಚುತ್ತಲೇ ಇಬ್ಬರು ವಿರೂಪಾಕ್ಷರೂ ಒಬ್ಬರ ಮೇಲೊಬ್ಬರು ಬಿದ್ದು, ಕಚ್ಚಾಡುತ್ತ ಬೂದಿಗುಂಡಿಗೆ ಉರುಳಿದರು. ಎದ್ದಾಗ ಯಾರು ಯಾರೆಂದು ತಿಳಿಯಲಿಲ್ಲ. ಮೈತುಂಬ ಬೂದಿ, ರಕ್ತ.

"ಕಲಾ, ನಾನ ನಿನ್ನ ಅಣ್ಣ! ಅವಂಗ ಹೊಡಿ!" ಇಬ್ಬರೂ ಕೂಗಿದರು. ದನಿಯೂ ಒಂದೇ.

ಎತ್ತಿದ ಕೈಯನ್ನು ಕಲಾವತಿ ಕೆಳಗಿಳಿಸಿದಳು. ತಪ್ಪಿದರೆ ಅಪ್ಪ ಮಾಡಿದ ಪಾನಾದಿಂದಲೇ ಅಣ್ಣನನ್ನು ಕೊಂದು, ಆ ಕಟುಕನನ್ನು ವೈನಿಯ ಕೈಗೆ ಒಪ್ಪಿಸಿದಂತಾಗುತ್ತಿತ್ತು. ಅವಳು ನನ್ನನ್ನು ಅವರ ಕಾಲಡಿಗೆ ಎಸೆದಳು.

ಇಬ್ಬರ ಕಾಲೂ ನನಗೆ ತಾಗಿತು. ಒಬ್ಬ ನನ್ನನ್ನು ತುಳಿದುಕೊಂಡೇ ಹೋಗಿ ಕಂಬಕ್ಕೆ ಸಿಕ್ಕಿಸಿದ್ದ ಮಚ್ಚು ಕಿತ್ತ. ಇನ್ನೊಬ್ಬ, ತುಟಿ ಒಡೆದು ಒಂದು ಕಣ್ಣು ಮುಚ್ಚಿಹೋಗಿದ್ದರೂ, ಬಗ್ಗಿದ. ನನ್ನನ್ನು ಮುಟ್ಟಿದ ಬಲಗೈಯನ್ನು ಕಣ್ಣಿಗೆ ಒಯ್ದ. ಅಷ್ಟರಲ್ಲಿ ಮಚ್ಚು ಅವನ ಮುಖದತ್ತ ಬೀಸಿ ಬಂತು. ಮುಖಕ್ಕೆ ಅಡ್ಡವಿದ್ದ ಕೈ ಏಟು ತಿಂದಿತು. ಬೆರಳುಗಳು ನನ್ನ ಮೇಲೆ ಬಿದ್ದವು, ಇನ್ನೂ ಬಿಸಿಯಾಗಿದ್ದವು.

ಕಲಾವತಿ ನನ್ನನ್ನು ಎತ್ತಿಕೊಂಡು ಮಚ್ಚಿನವನಿಗೆ ಹೊಡೆದಳು. ಅವನು ಬಿದ್ದ ಮೇಲೂ ಹೊಡೆದಳು. ಅಣ್ಣನದೇ ಮುಖ ಅದು. ಗುರುತು ಸಿಗದಷ್ಟು ಹಾಳಾಗುವವರೆಗೂ ಅಳುತ್ತ ಹೊಡೆದಳು. ಆಮೇಲೆ ಅಣ್ಣನನ್ನು ಹೆಗಲಿಗೆ ಆನಿಸಿಕೊಂಡು ಈ ಕಡೆ ದಾಟಿ, ಬಳೆಯ ಬೋಲ್ಟುಗಳನ್ನೆಲ್ಲ ಬಿಚ್ಚಿದಳು. ಬಳೆ ಕಳಚಿ ಬಿತ್ತು. ಹಿಂದೆ ಬರೀ ಗೋಡೆಯಿತ್ತು.

ಈಗ ನನಗೆ ತುಕ್ಕು ಹಿಡಿದಿದೆ. ಕಲಾವತಿ ಪತ್ತೇದಾರಿಕೆ ಬಿಟ್ಟಿಲ್ಲ, ನನ್ನನ್ನು ಮಾತ್ರ ಮತ್ತೆ ಮುಟ್ಟಿಲ್ಲ. ಲೇತ್ ನಿಂತುಹೋಗಿದೆ. ನನ್ನ ವಾಸ ಬಾಗಿಲ ಮೂಲೆಯಲ್ಲಿ.

ಕೆಲಸ ಮುಗಿಯಿತೆಂದು ತಿಳಿಯಬೇಡಿ. ವಿರೂಪಾಕ್ಷ ಹೊರಗೆ ಹೋದಾಗಲೆಲ್ಲ ಗಿರಿಜಾ ನನ್ನನ್ನು ತಂದು ಹೊಸ್ತಿಲ ಒಳಗೆ ನೆಲದ ಮೇಲೆ ಇಡುತ್ತಾಳೆ. ಅವನು ಬರುವ ಸದ್ದಾದರೆ ಗೋಡೆಗೆ ಆತು ನಿಂತು ನೋಡುತ್ತಾಳೆ. ನಾನೂ ಉಸಿರು ಹಿಡಿದಿರುತ್ತೇನೆ. ಅವಳು ಏಕೆ ಹಾಗೆ ಇಡುತ್ತಾಳೆಂದು ಅವನಿಗೆ ಗೊತ್ತು. ಒಂದು ದಿನವೂ ಬೇಸರಪಟ್ಟುಕೊಂಡಿಲ್ಲ. ಬೇಕೆಂತಲೇ ಕಾಲು ತಾಗಿಸುತ್ತಾನೆ. ಬಗ್ಗಿ, ಬೆರಳಿಲ್ಲದ ಆ ಕೈಯಿಂದ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

ಆಗ ಗಿರಿಜಾ ಒಳಗೆ ಹೋಗಿ ಚಹಾಕ್ಕೆ ಇಡುತ್ತಾಳೆ.